ಅಮ್ಮಿನಬಾವಿಗೆ ಮೂರನೆಯ ಡೋಸು

ಸಲೋಮಿಬಾಯಿ ಇನ್ನಿಲ್ಲ...
ಈ ಕೈಯಿಂದಲೇ ಬರೆದೆ, ಬರೆದದ್ದನ್ನು ಎರಡು ಸಲ ಓದಿದೆ.
ಆದರೂ ಮನಸ್ಸು ಒಪ್ಪುತ್ತಿಲ್ಲ...

ಹುಬ್ಬಳ್ಳಿಯ ತಮ್ಮಂದಿರೇ, ಗದಗಿನ ತಂಗೀ, ಮಕ್ಕಳೇ,
ಓದಿದವರು ಈ ಕಾಗದವನ್ನು ಮುಂದಿನ ಮನೆಗೆ ಕಳಿಸಿರಿ.
ಎಲ್ಲರಿಗೂ ಬೇರೆ ಬೇರೆ ಬರೆಯುವ ಶಕ್ತಿ ಇಂದು ನನಗಿಲ್ಲ.

ಇಂದು ವರ್ಷದ ಕೊನೆಯ ದಿನ.
ಧಾರವಾಡದ ನಮ್ಮ ಮಿಶನ್ ದವಾಖಾನೆಯ ನರ್ಸ್, ನನಗಿಂತ ಎಷ್ಟೋ ಚಿಕ್ಕವರು, ಮುಂಜಾನೆ ಜ್ವರದಲ್ಲಿ ತೀರಿಕೊಂಡರು.
ನನಗೆ ತಿಳಿದದ್ದು ಮಧ್ಯಾಹ್ನದ ಮೇಲೆ.
ನಾನು ಊರಲ್ಲಿರಲಿಲ್ಲ... ಅವರದೇ ಕೆಲಸಕ್ಕೆ ಹೋಗಿದ್ದೆ.

ನಾನು ಶಾಲೆ ಕಂಡವನಲ್ಲ, ನಿಮಗೆ ಗೊತ್ತು.
ಬಾಟಲಿಗಳ ಲೇಬಲ್ ನೋಡಿ ಅಕ್ಷರ ಕಲಿತು ಕಂಪೌಂಡರ್ ಆದವನು.
ಎಷ್ಟೋ ವರ್ಷ, ಪ್ರತಿ ಗುರುವಾರ, ಅವರೂ ನಾನೂ ಚಕ್ಕಡಿಯಲ್ಲಿ ಅಮ್ಮಿನಬಾವಿಗೆ ಹೋಗಿದ್ದೇವೆ.
ಜ್ವರದ ಮಕ್ಕಳು, ತುರಿ ಎದ್ದ ಮಕ್ಕಳು, ಹಾಲು ಕಾಣದ ಮಕ್ಕಳು...
ಬೇವಿನ ಮರದ ಕೆಳಗೆ ಸಾಲಾಗಿ ಕೂಡಿಸಿ, ಔಷಧ ಕುಡಿಸಿ, ಚೂರು ಬೆಲ್ಲ ಕೊಟ್ಟು, ಸಣ್ಣದೊಂದು ಪ್ರಾರ್ಥನೆ.
ಹಳ್ಳಿಯವರಿಗೆ ಅವರು ಬರೀ "ಅಕ್ಕೋರು".

ಈ ತಿಂಗಳು ಅಲ್ಲಿ ಗಂಗವ್ವ ಎಂಬ ಆರು ವರ್ಷದ ಹುಡುಗಿಗೆ ಚಳಿಜ್ವರ.
ಯುದ್ಧ ಸುರುವಾದ ಮೇಲೆ ಕ್ವಿನೈನ್ ಸಿಗುವುದೇ ಕಷ್ಟ... ಹೇಗೋ ಮೂರು ಡೋಸು ಹೊಂದಿಸಿದರು.
ಎರಡು ಕುಡಿಸಿದ್ದಾಯಿತು.
ಮೂರನೆಯದಕ್ಕೆ ಮೊದಲೇ ಅವರೇ ಹಾಸಿಗೆ ಹಿಡಿದರು.

ನಿನ್ನೆ ಸಂಜೆ ಕರೆಸಿ ಹೇಳಿದರು.
"ಕಾಕಾ, ನಾಳೆ ಗಂಗವ್ವನ ಡೋಸು ತಪ್ಪಿಸಬ್ಯಾಡ್ರಿ. ಜ್ವರಾ ಹೊಳ್ಳಿ ಬಂದ್ರ ಆ ಕೂಸು ತಡಕೊಳ್ಳೂದಿಲ್ಲ."
"ಮೊದಲ ನಿಮ್ಮ ಜ್ವರಾ ನೋಡ್ಕೋರಿ."
"ನಂದು ಬಿಡ್ರಿ. ಲಗೂ ಹೊರಡ್ರಿ ಮುಂಜಾನೆ."

ಹೊತ್ತು ಮೂಡುವಾಗ ಚಕ್ಕಡಿ ಹೂಡಿದೆ.
ಬಾಟಲಿ ಕೋಟಿನ ಕಿಸೆಯಲ್ಲಿ. ಬೂಚಿನ ಮೇಲೆ ನಾನೇ ಹಾಕಿದ ಅರಗು.

ಅಮ್ಮಿನಬಾವಿ ಮುಟ್ಟಿದಾಗ ಮಕ್ಕಳು ಮರದ ಕೆಳಗೆ ಆಗಲೇ ಸಾಲಾಗಿ ಕೂತಿದ್ದರು...
ಇಂದು ಗುರುವಾರವಲ್ಲ. ಬರುತ್ತೇನೆಂದು ನಾನು ಹೇಳಿಕಳಿಸಿರಲಿಲ್ಲ.
ಎಲ್ಲರೂ ಬೆಲ್ಲ ಚೀಪುತ್ತಿದ್ದರು.

"ಯಾರು ಕೂಡಿಸ್ಯಾರಲೇ ನಿಮ್ಮನ್ನ?"
"ಅಕ್ಕೋರು."
"ಯಾವ ಅಕ್ಕೋರು?"
"ನಮ್ಮ ಅಕ್ಕೋರ ರೀ. ಗಂಗವ್ವಗ ಔಷಧಿ ಕುಡಿಸಿ, ನಮಗ ಬೆಲ್ಲಾ ಕೊಟ್ಟು, ಈಗ ಹಿಂಗ ಹ್ವಾದ್ರು."

ಹೋದ ದಾರಿಗೆ ಕೈ ಮಾಡಿದರು.
ಅದು ನಾನು ಬಂದ ದಾರಿ.
ನನಗೆ ಎದುರಾಗಿ ಯಾರೂ ಬಂದಿರಲಿಲ್ಲ...

ಸಲೋಮಿಬಾಯಿ,
ಆ ಬಯಲು ದಾರಿಯಲ್ಲಿ ಮರೆಯಾಗಲು ಒಂದು ಗಿಡವೂ ಇಲ್ಲ.
ನನ್ನ ಚಕ್ಕಡಿಯ ಪಕ್ಕದಲ್ಲೇ ಹಾದುಹೋದಿರಾ?
ಇಷ್ಟು ವರ್ಷ ಜೊತೆಗೆ ಬಂದವನನ್ನು ಒಂದು ಮಾತೂ ಆಡಿಸದೆ...?

ಆಗ ನನಗೆ ಇದೇನೂ ಹೊಳೆಯಲಿಲ್ಲ.
ಗಂಗವ್ವನನ್ನು ಕಹಿಯಿಂದ ಉಳಿಸಲು ಎಲ್ಲರೂ ಒಂದಾಗಿ ಸುಳ್ಳು ಹೇಳುತ್ತಿದ್ದಾರೆ ಎಂದುಕೊಂಡೆ. ಹಿಂದೊಮ್ಮೆ ಹಾಗೆ ಮಾಡಿದ್ದರು.
ಗದರಿದೆ.
ಕಟ್ಟೆಯ ಮೇಲೆ ಕೂತಿದ್ದ ಗಂಗವ್ವನ ಅಜ್ಜಿ ನಕ್ಕಳು. ಅವಳಿಗೆ ಎರಡೂ ಕಣ್ಣಿಲ್ಲ.

"ಕಣ್ಣಿದ್ದ ಕಂಪೌಂಡರ್‌ಗ ಕಾಣವಲ್ದು, ಕುಲ್ಡಿಗೆ ಗೊತ್ತಾತು ನೋಡ. ಅವರ ಧ್ವನಿ ನನಗ ತಿಳಿಯೂದಿಲ್ಲೇನು?"
"ಅವರು ಮಲಗ್ಯಾರಬೇ ಯವ್ವಾ. ಎದ್ದು ಕೂಡಾಕ ಆಗವಲ್ದು ಅವರಿಗೆ."
"ಹಂಗಾರ ಕೂಸಿನ್ನ ನೋಡು. ನನ್ಯಾಕ ಕೇಳ್ತಿ?"

ನನ್ನ ಪಾಡು ನೋಡಿರಿ...
ಕೊಡದೆ ಹೋದರೆ, ಮಕ್ಕಳ ಮಾತು ಸುಳ್ಳಾಗಿದ್ದರೆ, ಜ್ವರ ಮರಳಿ ಹುಡುಗಿ ಉಳಿಯುವುದಿಲ್ಲ.
ಕೊಟ್ಟರೆ, ಅವರ ಮಾತು ನಿಜವಾಗಿದ್ದರೆ... ಒಮ್ಮೆಲೇ ಎರಡು ಡೋಸು ಆ ಎಲುಬಿನ ಗೂಡು ತಾಳಲಾರದು.

ಗಂಗವ್ವ ಔಷಧ ಕುಡಿದ ಬಟ್ಟಲಿಗೆ ಬೆರಳು ಹಾಕಿ ನಾಲಗೆಗೆ ಮುಟ್ಟಿಸಿಕೊಂಡೆ.
ಕಹಿ.
ನೆಲಬೇವಿನ ಕಷಾಯವೂ ಕಹಿಯೇ... ಅಜ್ಜಿ ಕಾಸಿ ಕೊಟ್ಟಿರಬಹುದು.
ಆಗ ಕೇಳಿದೆ.

"ಗಂಗವ್ವಾ, ಕಿವ್ಯಾಗ ಏನರ ಆಗಾಕತ್ತೈತೇನು?"
"ಗುಂಯ್ ಅನ್ನಾಕತ್ತೈತ್ರಿ ಕಾಕಾ. ಹ್ವಾದ ಸಲಾ ಔಷಧಿ ಕುಡದಾಗಿನಂಗ."

ಕಷಾಯ ಕುಡಿದರೆ ಕಿವಿ ಗುಂಯ್ಗುಡುವುದಿಲ್ಲ.
ಅದು ಕ್ವಿನೈನಿನ ಗುಣ.
ಹಣೆ ಮುಟ್ಟಿದೆ... ಬೆವರಿ ತಣ್ಣಗಾಗಿತ್ತು.
ಕಿಸೆಯಿಂದ ಬಾಟಲಿ ತೆಗೆದೆ. ಅರಗು ಒಡೆದಿರಲಿಲ್ಲ. ಔಷಧ ಒಂದು ಹನಿಯೂ ಇಳಿದಿರಲಿಲ್ಲ.
ಹಾಗೆಯೇ ಕಿಸೆಗೆ ಹಾಕಿಕೊಂಡು ತಿರುಗಿ ಬಂದೆ.

ದವಾಖಾನೆಯ ಬಾಗಿಲಲ್ಲೇ ನನ್ನ ಹೆಂಡತಿ ಮಾರ್ಥಾ ನಿಂತಿದ್ದಳು. ರಾತ್ರಿಯಿಡೀ ಅವರ ಹತ್ತಿರ ಕೂತವಳು ಅವಳೇ.
"ನಿಮ್ಮ ಚಕ್ಕಡಿ ಗೇಟು ದಾಟಿತ್ತು... ಅವರು ತಾವಽ ಎದ್ದು ಕೂತು ಸೆರಗ ಸರಿ ಮಾಡ್ಕೊಂಡ್ರು. ಆರಾಮ ಆತೇನೋ ಅಂತ ನೀರ ತರಾಕ ಹ್ವಾದೆ. ಹೊಳ್ಳಿ ಬರೂದ್ರಾಗ ಜೀವಾ ಇರ್ಲಿಲ್ಲ."
ಅವರ ಜೀವ ಹೋದಾಗ ನಾನಿನ್ನೂ ಧಾರವಾಡವನ್ನೂ ದಾಟಿರಲಿಲ್ಲ...

ನಮ್ಮ ನಂಬಿಕೆಯಲ್ಲಿ ಸತ್ತವರು ಅಲೆಯುವುದಿಲ್ಲ. ನಾನೂ ಹಾಗೆಯೇ ನಂಬಿ ಬದುಕಿದವನು.
ಪಾದ್ರಿಗಳಿಗೆ ಇದನ್ನು ಹೇಳುವ ಧೈರ್ಯ ಬರಲಿಲ್ಲ. ನಿಮಗೆ ಹೇಳದೆ ಇರಲು ಆಗಲಿಲ್ಲ.

ವರ್ಷದ ಕೊನೆಯ ಸಂಜೆ ದವಾಖಾನೆಯವರೆಲ್ಲ ಕೂತು, ದೇವರು ಒಪ್ಪಿಸಿದ್ದರಲ್ಲಿ ಯಾವ ಕೆಲಸ ಬಿಟ್ಟುಹೋಯಿತು ಎಂದು ಒಬ್ಬೊಬ್ಬರೇ ಹೇಳುವುದು ನಮ್ಮ ರೂಢಿ.
ಸಲೋಮಿಬಾಯಿ ಪ್ರತಿ ವರ್ಷ ಒಂದು ಮಗುವಿನ ಹೆಸರು ಹೇಳುತ್ತಿದ್ದರು... ಹೊತ್ತಿಗೆ ಮುಟ್ಟಲಾಗದೆ ಹೋದ ಮಗು.
ಈಗಷ್ಟೇ ಕೂತು ಎದ್ದೆವು.
ಅವರ ಸರದಿಗೆ ಎಲ್ಲರೂ ತಡೆದೆವು.
ಈ ವರ್ಷ ಅವರು ಮುಟ್ಟದೆ ಬಿಟ್ಟ ಮಗುವಿನ ಹೆಸರು ಯಾರಿಗೂ ಸಿಗಲಿಲ್ಲ.
ನನ್ನ ಸರದಿಗೆ ನಾನು ಹೇಳಿದ್ದು ಇಷ್ಟೇ... ಇಂದು ಮಕ್ಕಳನ್ನು ಸುಳ್ಳರು ಎಂದು ಗದರಿದೆ.

ನಾಳೆ ಹೊಸ ವರ್ಷದ ಆರಾಧನೆ ಮುಗಿಸಿ ಮಣ್ಣು.
ಆಮೇಲೆ ಅಮ್ಮಿನಬಾವಿಗೆ ಹೋಗಿ ಗಂಗವ್ವನನ್ನು ನೋಡಬೇಕು. ಸುದ್ದಿಯನ್ನೂ ಹೇಳಬೇಕು...
ಆ ಮಕ್ಕಳು ನಂಬುವುದಿಲ್ಲ. ಅಜ್ಜಿಯಂತೂ ನಗುತ್ತಾಳೆ.

ಬಾಯೀ,
ಗುರುವಾರ ನಾನು ಹೋಗ್ತೇನಿ. ನನ್ನಿಂದ ಆಗದಿದ್ರ ಮಾರ್ಥಾ ಹೋಗ್ತಾಳ.
ನೀವು ಇನ್ನ ಏಳಬ್ಯಾಡ್ರಿ...
ಕರ್ತನ ಮಡಿಲಲ್ಲಿ ನಿಮ್ಮ ಆತ್ಮಕ್ಕೆ ಕಣ್ತುಂಬ ನಿದ್ದೆ ಹತ್ತಲಿ.