ರೆಪ್ಪೆಯ ಅವಿಧೇಯತೆ

ಅಕ್ಕಲಕೋಟೆಯಿಂದ ಸೊಲ್ಲಾಪುರದ ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ಒಳಗಿನ ಒತ್ತಡ ಏರಿ ಎಡಗಣ್ಣು ಆಗಲೇ ಹೋಗಿತ್ತು. ಬಲಗಣ್ಣಾದರೂ ಉಳಿದೀತೇ ಎಂದು ತಿಳಿಯಬೇಕಿತ್ತು.

ಒತ್ತಡ ಅಳೆಯುವ ಯಂತ್ರವು ಕಣ್ಣಿಗೆ ಫಕ್ಕನೆ ಗಾಳಿ ಊದುತ್ತದೆ. ಪ್ರತಿ ಬಾರಿಯೂ ನನ್ನ ರೆಪ್ಪೆ ಅದಕ್ಕಿಂತ ಮೊದಲೇ ಮುಚ್ಚಿಕೊಳ್ಳುತ್ತಿತ್ತು.

“ಅಂಜಬ್ಯಾಡ್ರಿ ಆಜಿ, ಬರೇ ಗಾಳಿ ಐತಿ,” ಎಂದಳು ಯಂತ್ರ ನಡೆಸುವ, ತಡವಳ ಊರಿನ ಹುಡುಗಿ. “ನಾ ಎಣಸ್ತೀನಿ. ಏಕ್, ದೋನ್...”

ದೋನ್ ಎನ್ನುವಷ್ಟರಲ್ಲಿ ಕಣ್ಣು ಮುಚ್ಚಿತ್ತು.

“ಗಾಳಿ ಬಿಡುವ ಗುಂಡಿಯನ್ನು ನನ್ನ ಕೈಗೆ ಕೊಡು,” ಎಂದೆ. “ಕಾನ್ವೆಂಟಿನಲ್ಲಿ ಸಿಸ್ಟರ್ ಕೋಲೆತ್ತಿದಾಗ ‘ಹೊಡೆಯಿರಿ’ ಎಂದು ನಾವೇ ಹೇಳಬೇಕಿತ್ತು. ಹೇಳಿದ ಮೇಲೆ ಯಾರ ಕೈಯೂ ಹಿಂದೆ ಸರಿಯುತ್ತಿರಲಿಲ್ಲ.”

“ಪೇಶಂಟಿನ ಕೈಗೆ ಕೊಡಾಕ ಪರವಾನಗಿ ಇಲ್ರಿ.”

ಆದರೂ ಒಮ್ಮೆ ಬಾಗಿಲ ಕಡೆ ನೋಡಿ, ನನ್ನ ಬೆರಳನ್ನು ಗುಂಡಿಯ ಮೇಲಿಟ್ಟಳು.

ನಾನೇ ಒತ್ತಿದೆ. ಗಾಳಿ ಬಡಿಯುವವರೆಗೂ ಕಣ್ಣು ತೆರೆದೇ ಇತ್ತು. ಹುಡುಗಿ ಪರದೆಯ ಮೇಲಿನ ಅಂಕಿಯನ್ನು ಎರಡು ಸಲ ಓದಿದಳು.

“ಎಷ್ಟು ಬಂತು?”

“ಕಣ್ಣ ಭಾಳ ಛಲೋ ತೆರದಿದ್ರಿ, ಆಜಿ,” ಎಂದಳು, ನನ್ನ ಮುಖ ನೋಡದೆ.

ಶಿಕ್ಷಕಿಯಾಗಿದ್ದ ದಿನಗಳಲ್ಲಿ ನಾನೂ ನಪಾಸಾದ ಮಕ್ಕಳಿಗೆ, ನಿನ್ನ ಅಕ್ಷರ ದುಂಡಾಗಿದೆ ಎಂದೇ ಹೇಳುತ್ತಿದ್ದೆ.