ಅಕ್ಕ ಆರಿಸಿದ ಇಂಜಿನ್

ಕರೆಂಟು ಹೋತು ಅಂದ್ರ ಸಾಕು, ಎದುರಿನ ಅಂಗಡಿಯವ ಜನರೇಟರ್ ಚಾಲೂ ಮಾಡ್ತಾನ. ನಿನ್ನೆ ಮಧ್ಯಾಹ್ನಾನೂ ಮಾಡಿದ. ಡೀಸೆಲ್ ಹೊಗಿ ವಾಸನಿ ಕಿಡಕಿಯಿಂದ ಒಳಗ ನುಗ್ಗಿತು. ನಾನು ಊಟ ಮುಗಿಸಿ ಗ್ವಾಡಿಗೆ ಆತುಕೊಂಡು ಕುಂತಿದ್ದೆ. ಮಗ್ಗಲಿಗಿದ್ದ ತಂಬಿಗಿಯೊಳಗ ನೀರು ಸಣ್ಣಗ ನಡುಗಾಕ ಹತ್ತಿತು. ಸೊಸಿ, "ಥೂ, ಏನು ದರಿದ್ರ ವಾಸನಿ" ಅಂತ ಕಿಡಕಿ ಹಾಕಿದ್ಲು. ನನಗ ಮಾತ್ರ ಆ ನೀರಿನ ಮ್ಯಾಲಿಂದ ಕಣ್ಣು ಕೀಳಾಕ ಆಗಲಿಲ್ಲ. ಮಗ್ಗಲಮನಿ ಅಕ್ಕ ನೆನಪಾದ್ಲು...

ನಾನು ಮದುವಿಯಾಗಿ ಗೋನೆಗಂಡ್ಲದಿಂದ ಆದೋನಿಗೆ ಬಂದಾಗ ಕರ್ನೂಲು ಆಂಧ್ರಕ್ಕ ರಾಜಧಾನಿ ಆದ ಹೊಸತು. ನಮ್ಮ ಅಂಗಳಕ್ಕೂ ಅಕ್ಕನ ಅಂಗಳಕ್ಕೂ ನಡುವ ಎದಿಮಟ್ಟದ ಒಂದು ಮೋಟು ಗ್ವಾಡಿ. ಆಕಿ ನನಗಿಂತ ಸ್ವಲ್ಪ ದೊಡ್ಡಾಕಿ. ಆಕಿ ಗಂಡಗ ನಾನು ಅಣ್ಣ ಅಂತಿದ್ದೆ. ಈಗ ಪಿಕಪ್ ಅಂತಾರಲ್ಲ, ಅಂಥಾದೊಂದು ಗಾಡಿ ಆತಂದು. ಲಡಾಯಿ ಮುಗಿದ ಮ್ಯಾಲ ಮಿಲಿಟರಿಯವರು ಮಾರಿದ್ದು, ಪೆಟ್ರೋಲ್ ಇಂಜಿನ್ನಿಂದು. ನಂದವರಂ, ಚಿಪ್ಪಗಿರಿ ಕಡಿ ಹಳ್ಳಿಗಳಿಂದ ಹತ್ತಿ ತುಂಬಿಕೊಂಡು ಬಂದು ಬೀಜ ಬಿಡಿಸೋ ಜಿನ್ನಿನ ಮಿಲ್ಲಿಗೆ ಹಾಕ್ತಿದ್ದ. ಗಾಡಿ ಹಳೇದಾದ್ರೂ ಸಪ್ಪಳ ಭಾಳ ಮೆತ್ತಗ. ಬೆಕ್ಕು ಬಂದಂಗ ಬಂದು ಬಾಗ್ಲ ಮುಂದ ನಿಲ್ತಿತ್ತು.

ಅದಾ ಅಕ್ಕನ ಕುತ್ತಿಗಿಗೆ ಬಂದಿತ್ತು. ಗಂಡಸರು ಹೊರಗಿಂದ ಬಂದ ಕೂಡ್ಲೆ ಸೊಸಿ ಕಾಲಿಗೆ ನೀರು ತಂದು ಕೊಡಬೇಕು, ಆ ಮನಿ ಪದ್ಧತಿ ಅದು. ಗಾಡಿ ನಿಂತ ಮ್ಯಾಲೂ ಸೊಸಿ ಒಳಗ ಕುಂತಾಳ ಅಂದ್ರ ಆಕಿ ಅತ್ತಿ ಓಣಿಗೆಲ್ಲ ಕೇಳೋಹಂಗ ಬೈತಿದ್ಲು. "ಮೈಗಳ್ಳಿ! ಗಂಡ ದುಡಿದು ಬಂದು ಬಾಗ್ಲಾಗ ನಿಂತಾನ, ಈಕಿಗೆ ಎಚ್ಚರಾನಾ ಇಲ್ಲ." ಅಕ್ಕ ಮೈಗಳ್ಳಿ ಆಗಿರಲಿಲ್ಲ. ಚಳಿಜ್ವರಕ್ಕ ಕ್ವಿನೈನ್ ಅನ್ನೋ ಕಹಿ ಗುಳಿಗಿ ನುಂಗಿ ನುಂಗಿ ಆಕಿ ಕಿವಿ ಎರಡೂ ಹೋಗಿದ್ವು.

ಅದು ಗೊತ್ತಿದ್ದದ್ದು ನನಗೊಬ್ಬಾಕಿಗೆ. ಒಂದಿನ ಹಿಂದಿಂದ ಎಷ್ಟು ಕರೆದ್ರೂ ತಿರುಗದಾದಾಗ ಹೋಗಿ ಭುಜ ಮುಟ್ಟಿದೆ. ಬೆಚ್ಚಿಬಿದ್ದು ನನ್ನ ಮಾರಿ ನೋಡಿದ್ಲು, ನನಗ ಗೊತ್ತಾಗಿಬಿಟ್ಟೈತಿ ಅಂತ ಆಕಿಗೆ ತಿಳೀತು. ಎರಡೂ ಕೈ ಗಟ್ಟಿ ಹಿಡಿದ್ಲು. "ಯಾರ ಮುಂದೂ ಅನಬ್ಯಾಡ ತಂಗಿ. ಮಕ್ಕಳಿಲ್ಲ ಅನ್ನೋದು ಒಂದು ಐತಿ. ಕಿವುಡಿ ಅಂತನೂ ತಿಳಿದ್ರ ಅತ್ತಿ ನನ್ನ ತೌರಿಗೆ ಅಟ್ಟತಾಳ, ಇನ್ನೊಬ್ಬಾಕಿನ್ನ ತರ್ತಾಳ." ಗಂಡಗೂ ಹೇಳಿರಲಿಲ್ಲ ಪುಣ್ಯಾತಗಿತ್ತಿ. ಆತ ಮನ್ಯಾಗಿದ್ದಷ್ಟು ಹೊತ್ತು ಮಾರಿ ನೋಡ್ಕೊಂತನಾ ಇರ್ತಿದ್ಲು. ಏನು ಪ್ರೀತಿ ನೋಡು ಅಂತ ಓಣಿ ಹೆಂಗಸರು ನಗ್ತಿದ್ರು. ತುಟಿ ನೋಡಿ ಮಾತು ಹಿಡಿಯೋದು ಎಂಥಾ ದಣಿವಿನ ಕೆಲಸ ಅನ್ನೋದು ಅವರಿಗೇನು ಗೊತ್ತು...

ಅವತ್ತಿನಿಂದ ಆಕಿ ಕಿವಿ ನಾನಾದೆ. ಗಾಡಿ ತಿರುವಿನಾಗ ಬಂತು ಅಂದ ಕೂಡ್ಲೆ ಕೈಯಾಗಿನ ಕೆಲಸ ಬಿಟ್ಟು ಓಡಿ ಬಂದು ಗ್ವಾಡಿ ಮ್ಯಾಲ ಸೆರಗು ಬೀಸ್ತಿದ್ದೆ. ಆಕಿ ಅಡಿಗಿಮನಿ ಬಾಗ್ಲಿನಾಗ ಕುಂತು ಈ ಕಡಿಗೇ ಒಂದು ಕಣ್ಣಿಟ್ಟಿರ್ತಿದ್ಲು. ಸೆರಗು ಕಂಡ್ರ ತಂಬಿಗಿ ಎತ್ತಿಕೊಂಡು ಎದ್ದುಬಿಡ್ತಿದ್ಲು. ಸುಳ್ಳು ಯಾಕ ಹೇಳಲಿ, ನನಗೂ ಸಾಕುಸಾಕಾಗ್ತಿತ್ತು. ರೊಟ್ಟಿ ಹಂಚಿನ ಮ್ಯಾಲ ಸೀದುಹೋಗ್ತಿದ್ವು, ನಮ್ಮತ್ತಿ ಬೈಗುಳ ಬ್ಯಾರೆ. ಯಾವಾಗಲೂ ಮೈಯೆಲ್ಲಾ ಕಿವಿ ಮಾಡಿಕೊಂಡು ಇರೋದು ಅಂದ್ರ ಹುಡುಗಾಟ ಅಲ್ರಿ.

ಅಷ್ಟರಾಗ ನಾನು ಬಸುರಾದೆ. ಹೆರಿಗೆಗೆ ಗೋನೆಗಂಡ್ಲಕ್ಕ ಹೋಗೋದು ಬಂತು. ಎಲ್ಲಾರೂ ಖುಷಿಪಟ್ರು. ಅಕ್ಕನೂ ನಕ್ಕು, ಕುಪ್ಪಸದ ಬಟ್ಟಿ ಕೊಟ್ಟು, ಆಮ್ಯಾಲ ಗ್ವಾಡಿಗೆ ತಲಿ ಹಚ್ಚಿ ಅತ್ಲು. "ನೀ ಹೋದಮ್ಯಾಲ ನನಗ ಯಾರು ಬೀಸ್ತಾರ?" ಅಂದ್ಲು.

ಅದಾ ಹೊತ್ತಿಗೆ ಗಾಡಿ ಇಂಜಿನ್ ಕೈಕೊಡ್ತು. ಬಿಚ್ಚಿ ನೋಡಿದ ಮೇಸ್ತ್ರಿ, ಇದು ಇನ್ನ ರಿಪೇರಿಗೆ ನಿಲ್ಲೋದಲ್ಲ, ಬ್ಯಾರೇದು ಕೂಡಿಸಬೇಕು ಅಂದ. ಪೆಟ್ರೋಲಿಂದಾ ಕೂಡಿಸಬೇಕೋ, ಹೊಸದಾಗಿ ಬರಾಕ ಹತ್ತಿದ್ದ ಡೀಸೆಲ್ಲಿಂದೋ? ನಾಕು ದಿನ ಕಟ್ಟಿ ಮ್ಯಾಲ ಅದಾ ಪಂಚಾಯ್ತಿ. ಮೇಸ್ತ್ರಿ ಡೀಸೆಲ್ ಕಡಿ. "ಪೆಟ್ರೋಲ್ ಇಂಜಿನ್ ಹೊಟ್ಟಿಬಾಕ ಐತಿ ಭಾಯ್. ಡೀಸೆಲ್ ಕಮ್ಮಿ ಕುಡೀತೈತಿ, ಎಳಿಯೋ ತಾಕತ್ತು ಜಾಸ್ತಿ" ಅಂತಿದ್ದ. ಅಣ್ಣಗ ಅದು ಒಪ್ಪಿರಲಿಲ್ಲ. "ನಾ ಹೊರೋದು ಹತ್ತಿ. ಗಾಡಿ ತುಂಬ ಕಾಣ್ತೈತಿ, ತೂಕ ಎಲ್ಲೈತಿ? ಅದಕ್ಕ ಅಷ್ಟು ತಾಕತ್ತು ಯಾಕ? ಚಳಿದಿನ ಚಾಲೂ ಆಗಲ್ಲ ಅಂತಾರ, ಪಂಪು ಕೆಟ್ರ ಬಳ್ಳಾರಿಗೆ ಓಡಬೇಕು." ಆತನ ಮಾತಿನಾಗೂ ನ್ಯಾಯ ಇತ್ತು. ಪೆಟ್ರೋಲ್ ಅಂತ ಹೆಚ್ಚುಕಮ್ಮಿ ಗಟ್ಟಿ ಆಗಿತ್ತು.

ಒಮ್ಮೆ ನೋಡಿಯಾದ್ರೂ ಬಿಡು ಅಂತ ಮೇಸ್ತ್ರಿ ಡೀಸೆಲ್ ಕೂಡಿಸಿದ ಬ್ಯಾರೆಯವರ ಗಾಡಿ ತಂದು ಮನಿ ಮುಂದ ನಿಲ್ಲಿಸಿದ. ಅಯ್ಯೋ, ಅದರ ಸಪ್ಪಳ! ಮಾಡಿನ ಮ್ಯಾಲಿನ ಗುಬ್ಬಿ ಎಲ್ಲಾ ಹಾರಿಹೋದ್ವು. ನಾನು ಗ್ವಾಡಿ ಹತ್ರ ನಿಂತು ನೋಡಾಕ ಹತ್ತಿದ್ದೆ. ಅಕ್ಕ ಒಳಗ ಹಾಸುಗಲ್ಲಿನ ಮ್ಯಾಲ ಕುಂತು ಅಕ್ಕಿ ಆರಿಸ್ತಿದ್ಲು, ಈ ಕಡಿಗೆ ಬೆನ್ನು. ಇದ್ದಕ್ಕಿದ್ದಂಗ ಕೈ ನಿಲ್ಲಿಸಿದ್ಲು. ಅಂಗೈ ಕಲ್ಲಿಗೆ ಊರಿದ್ಲು. ಮಗ್ಗಲಿಗಿದ್ದ ತಂಬಿಗಿಯೊಳಗ ನಡುಗೋ ನೀರು ನೋಡಿದ್ಲು. ನಾನು ಸೆರಗು ಬೀಸಿಲ್ಲ, ಏನಿಲ್ಲ... ತಂಬಿಗಿ ಎತ್ತಿಕೊಂಡು ತಾನಾ ಎದ್ದು ಬಾಗ್ಲಿಗೆ ಬಂದು ನಿಂತ್ಲು! ಆಕಿ ಮಾರಿ ಅವತ್ತು ಹೆಂಗಿತ್ತು ಅನ್ನೋದನ್ನ ಹೇಳಾಕ ಬರಾಂಗಿಲ್ಲ ನನಗ.

ಮೇಸ್ತ್ರಿ ಇಂಜಿನ್ ಬಂದ್ ಮಾಡಿದ. ಅಕ್ಕನ ಅತ್ತಿ ತಲಿ ಹಿಡ್ಕೊಂಡು ಬಂದ್ಲು. ಸಿಟ್ಟು ಬಂದ್ರ ಆಕಿಗೆ ತೆಲುಗಾ ಬಾಯಿಗೆ ಬರ್ತಿತ್ತು. "ಅಮ್ಮೋ, ನಾ ತಲಕಾಯ! ಒದ್ದು ನಾಯನಾ, ಈ ದೆಯ್ಯಂ ಒದ್ದು!" ಅಯ್ಯೋ ನನ್ನ ತಲಿ, ಈ ದೆವ್ವ ಬ್ಯಾಡಾ ಬ್ಯಾಡ ಅಂತ. ಅಣ್ಣ ನಕ್ಕು, "ಆತು ಬಿಡವ್ವಾ, ಪೆಟ್ರೋಲಾ ಕೂಡಸ್ತೀನಿ" ಅಂದ. ಅಕ್ಕ ಆತನ ತುಟಿ ನೋಡಿದ್ಲು.

"ಇದಾ ಇರ್ಲಿ" ಅಂದ್ಲು.

ಗಂಡಸರ ಮುಂದ ಎಂದೂ ಬಾಯಿ ತೆರೆಯದಾಕಿ. ಅಣ್ಣಗ ಮೋಜು ಅನಿಸಿತೇನೋ, ಗಾಡಿ ಕಡಿ ತಿರುಗಿ ಕೈ ಒರಸ್ಕೊಂತ ಕೇಳಿದ, "ಯಾಕ? ಇದರಾಗೇನು ಕಂಡಿ ನೀನು?" ಅಕ್ಕಗ ಆತನ ತುಟಿ ಕಾಣಲಿಲ್ಲ. "ನಿನ್ನಾ ಕೇಳಾಕ ಹತ್ತೀನಿ" ಅಂದ, ತಿರುಗದನಾ. ಅಕ್ಕ ಆತನ ಬೆನ್ನು ನೋಡ್ಕೊಂತ ನಿಂತಿದ್ಲು. ನನಗ ತಡಿಯಲಾರದ ಸೆರಗು ಮ್ಯಾಲೆತ್ತಿದೆ. ಅಷ್ಟೊತ್ತಿಗೆ ಅಣ್ಣ ತಿರುಗಿದ. ಹೆಂಡತಿ ಮಾರಿ ನೋಡಿದ, ತಂಬಿಗಿ ನೋಡಿದ. ನನ್ನ ಕೈಯಾಗಿನ ಸೆರಗಿನ ಚುಂಗು ನೋಡಿದ. ಮುಗೀತು, ಅಕ್ಕನ ಸಂಸಾರ ಇಲ್ಲಿಗೆ ಮುಗೀತು ಅಂದ್ಕೊಂಡೆ.

ಆತ ಹಣಿ ಒರಸಿಕೊಂಡ. "ಡೀಸೆಲ್ಲಾ ಕೂಡಿಸು ಮೇಸ್ತ್ರಿ" ಅಂದ.

"ನಾ ಒದರಿದ್ದು ಕೇಳಲಿಲ್ಲೇನು?" ಅಂದ್ಲು ಅತ್ತಿ.

"ಖರ್ಚು ಕಮ್ಮಿ ಬೀಳ್ತೈತವ್ವಾ" ಅಂದ. ಅಷ್ಟಾ. ಆಮ್ಯಾಲ ಆ ಮಾತು ಎಲ್ಲೂ ಎತ್ತಲಿಲ್ಲ.

ನಾನು ಬಾಣಂತನ ಮುಗಿಸಿ ಕೂಸು ಎತ್ತಿಕೊಂಡು ಬಂದಾಗ ಅಕ್ಕನ ಅತ್ತಿ ಸೊಸಿನ್ನ ಹೊಗಳಾಕ ಹತ್ತಿದ್ಲು, "ಈಗ ನೋಡವ್ವಾ, ಈಕಿಗೆ ಬುದ್ಧಿ ಬಂತು." ಅಣ್ಣ ಬಾಗ್ಲ ಮುಂದ ಗಾಡಿ ತಂದ್ರ ಅಕ್ಕ ತಂಬಿಗಿ ಹಿಡಿದು ಬರೋತನಕ ಇಂಜಿನ್ ಬಂದ್ ಮಾಡ್ತಿರಲಿಲ್ಲ. ಖರ್ಚು ಕಮ್ಮಿ ಅಂದಾವ ಸುಮ್ಕ ಡೀಸೆಲ್ ಸುಡ್ತಾನಲ್ಲ ಅಂತ ಜನ ಆಡಿಕೊಂಡ್ರು. ಆಗತಾನಾ ಮಲಗಿದ ನನ್ನ ಕೂಸು ಕಿಟಾರನೆ ಚೀರಿ ಏಳ್ತಿತ್ತು, ನಾನೂ ಆ ಗಾಡಿನ್ನ ಶಾಪ ಹಾಕಿದಾಕಿನಾ.

ವರ್ಷಗಟ್ಟಲೆ ಆ ಇಂಜಿನ್ ಮಗ್ಗಲಾಗ ಕುಂತು ಕುಂತು ಅಣ್ಣನ ಕಿವಿನೂ ಮಂದ ಆದ್ವು. ಅತ್ತಿ ತೀರಿಕೊಂಡಿದ್ಲು, ಮುಚ್ಚಿಡೋದು ಏನೂ ಉಳಿದಿರಲಿಲ್ಲ. ಗಂಡ ಹೆಂಡ್ತಿ ಕಟ್ಟಿ ಮ್ಯಾಲ ಕುಂತು ಒದರಾಡಿಕೊಂಡು ಮಾತಾಡ್ತಿದ್ರು, ಪಲ್ಯಾಕ ಉಪ್ಪು ಹೆಚ್ಚಾಗಿದ್ದೂ ಓಣಿಗೆಲ್ಲ ಗೊತ್ತಾಗ್ತಿತ್ತು. ನಕ್ಕೂ ನಕ್ಕೂ ಸಾಕಾಗ್ತಿತ್ತು ನಮಗ.

ಆಮ್ಯಾಲ ಅಣ್ಣ ಹೋದ. ಗಾಡಿನೂ ಚಿಪ್ಪಗಿರಿ ಕಡಿಯವರು ತಗೊಂಡುಹೋದ್ರು. ಆದ್ರ ಓಣ್ಯಾಗ ಲಾರಿಗಳು ಬರೋದು ನಿಲ್ಲಬೇಕಲ್ಲ... ಯಾವುದಾ ಬರ್ಲಿ, ಹಾಸುಗಲ್ಲು ನಡುಗಿದ್ರ ಅಕ್ಕ ತಂಬಿಗಿ ಹಿಡ್ಕೊಂಡು ಎದ್ದುಬಿಡ್ತಿದ್ಲು. ಮಂಡಿ ನೋವು ಬ್ಯಾರೆ, ಗ್ವಾಡಿ ಹಿಡಿದು ಹಿಡಿದು ಬರಬೇಕು. ಆಗ ನಾನು ಮತ್ತ ಮೋಟು ಗ್ವಾಡಿ ಹತ್ರ ಓಡಿ ಬಂದು ಸೆರಗು ಬೀಸಾಕ ಹತ್ತಿದೆ. ಮೊದಲು ಬೀಸ್ತಿದ್ದದ್ದು ಅಣ್ಣ ಬಂದ ಅಂತ. ಈಗ, ಅಲ್ಲವ್ವಾ, ಬ್ಯಾಡ, ಕುಂದ್ರು ಅಂತ.

ಆಕಿ ಹೋಗಿ ಎಷ್ಟೋ ವರ್ಷ ಆತು. ಮೋಟು ಗ್ವಾಡಿ ಇದ್ದಲ್ಲಿ ಈಗ ಎರಡಂತಸ್ತಿನ ಮನಿ ಎದ್ದೈತಿ. ನಿನ್ನೆ ತಂಬಿಗಿ ನೀರು ನಡುಗಿದಾಗ ನನ್ನ ಕೈ ಸೆರಗಿನ ಚುಂಗು ಹಿಡಿದಿತ್ತು. ಸೊಸಿ, "ಏನು ಬೇಕಿತ್ರಿ ಅತ್ತಿ?" ಅಂತ ಕೇಳಿದ್ಲು. ಏನಿಲ್ಲವ್ವಾ ಅಂದೆ. ಕರೆಂಟು ಬಂತು, ಜನರೇಟರ್ ನಿಂತಿತು. ನೀರೂ ಸುಮ್ಮನಾತು.