ತೊಗರಿ ಹಾಸಿದ ಇಳಿಜಾರು

ಭಾಗ್ಯಜ್ಯೋತಿಯ ಬಗ್ಗೆ ಪತ್ರಿಕೆಯವರು ಬರೆದಾಗಲೆಲ್ಲ ‘ಛಲಗಾತಿ’ ಎಂದೇ ಬರೆಯುತ್ತಾರೆ. ಮುರಿದ ತೊಡೆ, ಮತ್ತೆ ಏರಿದ ಸೈಕಲ್ಲು, ಕೊರಳಲ್ಲಿ ಪದಕ, ಅಲ್ಲಿಗೆ ಮುಗಿಯಿತು. ಊರುಗೋಲಿನಿಂದ ಅವಳು ಹೆತ್ತ ಅಪ್ಪನ ತಲೆ ಒಡೆದದ್ದನ್ನು ಒಬ್ಬರೂ ಬರೆದಿಲ್ಲ. ಇಂಥ ಬರಹ ಓದಿದರೆ ನನಗೆ ಮೈ ಉರಿಯುತ್ತದೆ. ಆ ಮನೆಯಲ್ಲಿ ರಕ್ತ ಹರಿದಿದೆ, ಕೇಳಬಾರದ ಬೈಗುಳ ಕೇಳಿದ್ದೇನೆ. ಅದನ್ನು ಬಿಟ್ಟು ಹೇಳುವುದಾದರೆ ಹೇಳುವುದೇ ಬೇಡ.

ನಾನು ವರದಾ, ಸಿಂದಗಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ಭಾಗ್ಯಜ್ಯೋತಿ ನನ್ನ ತರಗತಿಯ ಹಿಂದಿನ ಬೆಂಚಿನವಳು. ಹತ್ತಿರದ ಹಳ್ಳಿ ಯಂಕಂಚಿಯಿಂದ ಅಪ್ಪನ ಹಳೆಯ ಸೈಕಲ್ಲು ತುಳಿದುಕೊಂಡು ಬರುತ್ತಿದ್ದಳು. ದಾರಿಯಲ್ಲಿ ಬಸ್ಸಿನ ಜೊತೆ ಜಿದ್ದಿಗೆ ಬೀಳುವುದು, ನನ್ನ ತಾಸಿನಲ್ಲಿ ನಿದ್ದೆ ಹೊಡೆಯುವುದು, ಬೈದರೆ ಕಣ್ಣಿಗೆ ಕಣ್ಣು ಕೊಟ್ಟು ನೋಡುವುದು, ಇದು ಅವಳ ವಿದ್ಯಾಭ್ಯಾಸ. ಕೋಚ್ ಅನೀಲಕುಮಾರ ಅವಳನ್ನು ಕರೆದು ರೇಸಿನ ಸೈಕಲ್ಲು ಹತ್ತಿಸಿದ ಮೇಲಂತೂ ಹಿಡಿಯುವವರೇ ಇರಲಿಲ್ಲ. ನಮ್ಮ ಜಿಲ್ಲೆಯಲ್ಲಿ ದೂರ ದೂರ ಸೈಕಲ್ಲು ತುಳಿಯುವ ಮಕ್ಕಳಿಗೆ ಬರವಿಲ್ಲ. ಆದರೆ ಇಳಿಜಾರಿನಲ್ಲಿ ಅವಳಂತೆ ತಲೆ ತಗ್ಗಿಸಿ, ಬ್ರೇಕು ಅನ್ನುವುದೊಂದು ಇದೆ ಎಂಬುದನ್ನೇ ಮರೆತು ನುಗ್ಗುವವರು ಕಡಿಮೆ. ಏರಿನಲ್ಲಿ ಕಳೆದುಕೊಂಡದ್ದನ್ನೆಲ್ಲ ಇಳಿಜಾರಿನಲ್ಲಿ ವಸೂಲು ಮಾಡುತ್ತಿದ್ದಳು. ಜಿಲ್ಲಾ ತಂಡ ಸೇರಬೇಕು, ಅದೊಂದೇ ಅವಳ ತಲೆಯಲ್ಲಿದ್ದದ್ದು.

ಅಪ್ಪ ರಾಚಪ್ಪ ಹೊಲಮನೆ ಇದ್ದ ಗಟ್ಟಿ ರೈತ. ಬೆದರುವ ಎತ್ತನ್ನು ಹಾದಿಗೆ ತರುವುದರಲ್ಲಿ ಹೆಸರಾದವನು. ಮಗಳನ್ನು ಎದುರಿಗೆ ಹೊಗಳಿದವನಲ್ಲ, ಕಟ್ಟೆಯ ಮೇಲೆ ಕೂತರೆ ಮಾತ್ರ ಬಾಯಿ ಮುಚ್ಚುತ್ತಿರಲಿಲ್ಲ.

ನಮ್ಮ ಕಡೆ ಸುಗ್ಗಿ ಬಂದರೆ ಡಾಂಬರು ರಸ್ತೆಯೇ ಕಣ. ಕೊಯ್ದ ಬೆಳೆಯನ್ನು ರಸ್ತೆಯುದ್ದಕ್ಕೂ ಹಾಸಿ, ಗಾಡಿಗಳು ಪಕ್ಕಕ್ಕೆ ಸರಿಯದಂತೆ ಅಂಚಿಗೆ ಕಲ್ಲು ಇಡುತ್ತಾರೆ. ಹೋಗುವ ಬರುವ ಲಾರಿ, ಬಸ್ಸು ತುಳಿದು ಕಾಳು ಬಿಡಿಸಿಕೊಡುತ್ತವೆ. ಬೇಡ ಎಂದು ಪೊಲೀಸರೂ ಹೇಳುತ್ತಾರೆ, ನಾವು ಮೇಷ್ಟರುಗಳೂ ಹೇಳುತ್ತೇವೆ, ಕೇಳುವವರು ಯಾರು? ಆ ಜನವರಿಯಲ್ಲಿ ರಾಚಪ್ಪ ತನ್ನ ತೊಗರಿಯನ್ನು ಊರ ಹೊರಗಿನ ಹಳ್ಳದ ಇಳಿಜಾರಿನಲ್ಲಿ ಹಾಸಿದ. ಇಳಿಜಾರೇ ಯಾಕೆಂದರೆ ಅಲ್ಲಿ ಲಾರಿಗಳು ಬ್ರೇಕು ಹಿಡಿದು ನಿಧಾನ ಇಳಿಯುತ್ತವೆ, ಕಾಯಿ ಚೆನ್ನಾಗಿ ಒಡೆಯುತ್ತದೆ. ಮಗಳು ಅಭ್ಯಾಸಕ್ಕೆಂದು ಇಂಡಿ ಪಟ್ಟಣದವರೆಗೆ ಹೋಗಿದ್ದಾಳೆ, ಮಧ್ಯಾಹ್ನಕ್ಕೆ ಬರುತ್ತಾಳೆ, ಅಷ್ಟರಲ್ಲಿ ಗುಡಿಸಿ ಒಯ್ದರಾಯಿತು ಎಂದುಕೊಂಡಿದ್ದ. ಆದರೆ ಎದುರುಗಾಳಿ ಜೋರಾಗಿದೆ ಎಂದು ಅನೀಲಕುಮಾರ ಅರ್ಧ ದಾರಿಯಿಂದಲೇ ಅವಳನ್ನು ತಿರುಗಿಸಿ ಕಳಿಸಿದ್ದ.

ತಿರುವು ದಾಟಿದ ಕೂಡಲೇ ಅವಳಿಗೆ ತೊಗರಿ ಕಂಡಿತು, ಅದರಾಚೆ ಬೆಳೆ ತಿರುವುವ ಕವಲುಗೋಲು ಹಿಡಿದು ನಿಂತ ಅಪ್ಪ ಕಂಡ. ಅವಳು ಬ್ರೇಕು ಹಿಡಿದಳು. ಸುಮ್ಮನೆ ನೆಟ್ಟಗೆ ಬಿಟ್ಟಿದ್ದರೆ ಬಹುಶಃ ದಾಟುತ್ತಿದ್ದಳು, ತೊಗರಿಯ ಒಣ ಕಟ್ಟಿಗೆಯ ಮೇಲೆ ಬ್ರೇಕು ಹಿಡಿದ ಗಾಲಿ ನಿಲ್ಲುವುದಿಲ್ಲ. ಸೈಕಲ್ಲು ಅಡ್ಡ ಮಲಗಿತು, ಅವಳು ತೊಗರಿಯ ಮೇಲೆ ಜಾರಿ ಹೋಗಿ ಅಂಚಿನ ಕಲ್ಲಿಗೆ ಬಡಿದಳು. ತೊಡೆಯ ಎಲುಬು ಮುರಿದ ಸದ್ದು ರಾಚಪ್ಪನಿಗೆ ಕೇಳಿಸಿತಂತೆ. ಒಂದು ಕಡೆಯ ಕೆನ್ನೆಯ ಚರ್ಮ ಡಾಂಬರಿಗೆ ಹತ್ತಿ ಉಳಿದಿತ್ತು. ಗಾಯದೊಳಗೆ ತೊಗರಿ ಕಾಳು ಹೊಕ್ಕಿದ್ದವು. ಅವನು ಗಾಬರಿಯಲ್ಲಿ ಅವಳನ್ನು ಚೀಲ ಹೊತ್ತಂತೆ ಹೆಗಲ ಮೇಲೆ ಎತ್ತಿಕೊಂಡ. ಎಲುಬು ಚರ್ಮ ಸೀಳಿ ಹೊರಗೆ ಬಂತು. ಅವಳು ಆಗ ಕೂಗಿದ ಕೂಗನ್ನು ಹೊಲದಲ್ಲಿದ್ದವರೆಲ್ಲ ಇವತ್ತಿಗೂ ಹೇಳುತ್ತಾರೆ.

ವಿಜಯಪುರದ ಆಸ್ಪತ್ರೆಯಲ್ಲಿ ತೊಡೆಗೆ ರಾಡು ಹಾಕಿದರು. ಮನೆಗೆ ಬಂದ ಮೇಲೆ ಶುರುವಾಯಿತು ನೋಡಿ ನಿಜವಾದ ನರಕ. ನಾನು ನೋಡಲು ಹೋದರೆ ಹುಡುಗಿ ಗೋಡೆಯ ಕಡೆ ಮುಖ ಮಾಡುತ್ತಿದ್ದಳು. ಅವ್ವ ಕಸ್ತೂರೆವ್ವ ಮೈ ಒರೆಸಲು ಬಂದರೆ ಉಗುರಿನಿಂದ ಗೀರುತ್ತಿದ್ದಳು. ಅಪ್ಪ ಒಳಗೆ ಕಾಲಿಟ್ಟರೆ ಸಾಕು, ಕೈಗೆ ಸಿಕ್ಕಿದ್ದು ಹಾರಿಬರುತ್ತಿತ್ತು. ಇನ್ನೇನು ಮದುವೆ ಮಾಡಿಬಿಡಿ ಎಂದು ಉಪದೇಶ ಮಾಡಲು ಬಂದ ಸೋದರತ್ತೆಯ ಮುಖಕ್ಕೆ ತಂಬಿಗೆ ಎಸೆದಳು. ಅದೊಂದಕ್ಕೆ ಮಾತ್ರ ನನಗೆ ಒಳಗೊಳಗೇ ಖುಷಿಯಾಯಿತು.

ಒಂದು ಮಧ್ಯಾಹ್ನ ನಾನು ಅಲ್ಲೇ ಇದ್ದೆ. ಕಸ್ತೂರೆವ್ವ ರೊಟ್ಟಿಯ ಜೊತೆ ಬಿಸಿ ಬೇಳೆ ಬಡಿಸಿ ತಂದಳು. ಭಾಗ್ಯಜ್ಯೋತಿ ತಾಟು ನೋಡಿದಳು.

“ಯವ್ವಾ, ಈ ಬ್ಯಾಳಿ ಯಾವ ತೊಗರೀದು?”

ಕಸ್ತೂರೆವ್ವ ಬಾಗಿಲಲ್ಲಿ ನಿಂತಿದ್ದ ರಾಚಪ್ಪನ ಕಡೆ ನೋಡಿದಳು. ಅವನು ತಲೆ ತಗ್ಗಿಸಿದ. ಹಾಳಾದವರಿಗೆ ಆ ರಾಶಿಯನ್ನು ಮಾರಿ ಮುಗಿಸಬೇಕೆಂಬ ಬುದ್ಧಿ ಇರಲಿಲ್ಲ. ಮನೆಯ ಬೇಳೆ ಮನೆಗೆ ಎಂದು ಬೀಸಿ ಇಟ್ಟುಕೊಂಡಿದ್ದರು.

“ನನ್ನ ರಕ್ತ ಬಿದ್ದ ಕಾಳ ನನಗ ಕುದಿಸಿ ಉಣಸ್ತೀರೇನ?” ಎಂದು ಚೀರಿ ಅವಳು ತಾಟನ್ನು ಅಪ್ಪನ ಎದೆಗೆ ಬೀಸಿದಳು. ಸುಡುವ ಬೇಳೆ ಅವನ ಕೊರಳಿಂದ ಇಳಿಯಿತು. ಅವನು ಸರಿಯಲಿಲ್ಲ. ಅವಳು ಮಂಚ ಹಿಡಿದು ಒಂಟಿ ಕಾಲಿನಲ್ಲಿ ಎದ್ದು, ಊರುಗೋಲು ಎತ್ತಿ ತಲೆಗೆ ಹೊಡೆದಳು. ಮತ್ತೊಂದು ಹೊಡೆದಳು. ಹಣೆ ಒಡೆದು ರಕ್ತ ಮೀಸೆಗೆ ಬಂತು. ನಾನು ಬಿಡಿಸಲು ನುಗ್ಗಿದೆ, ನನ್ನ ಮೊಣಕೈಗೂ ಒಂದು ಬಿತ್ತು. ಊರುಗೋಲು ಕೈತಪ್ಪಿ ಬಿದ್ದಾಗ ರಾಚಪ್ಪ ಬಗ್ಗಿ ಅದನ್ನು ಎತ್ತಿ ಮಗಳ ಕೈಗೇ ಕೊಟ್ಟ.

“ಹೊಡಿ ಮಗಳ. ಸಿಟ್ಟ ಇಳೂತನಾ ಹೊಡಿ.”

ಅವಳು ಊರುಗೋಲು ಹಿಡಿದುಕೊಂಡು ಕುಸಿದು ಅತ್ತಳು. ನನಗೆ ಇಬ್ಬರ ಮೇಲೂ ಸಿಟ್ಟು ಬಂತು, ಇಬ್ಬರನ್ನೂ ಅಪ್ಪಿಕೊಳ್ಳಬೇಕು ಎಂದೂ ಅನಿಸಿತು.

ಎಲುಬು ಕೂಡಿತು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಸೈಕಲ್ಲು ಹತ್ತಿದಳು. ಬಯಲು ರಸ್ತೆಯಲ್ಲಿ ಮೊದಲಿನ ಹಾಗೆಯೇ ತುಳಿದಳು. ಏರು ಕೂಡ ಹತ್ತಿದಳು. ಆದರೆ ಹಳ್ಳದ ಇಳಿಜಾರಿಗೆ ಬಂದರೆ ಬೆರಳುಗಳು ತಾವಾಗಿಯೇ ಬ್ರೇಕನ್ನು ಕಚ್ಚಿಕೊಳ್ಳುತ್ತಿದ್ದವು. ಅನೀಲಕುಮಾರ ಉಸಿರಾಟ ಹೇಳಿಕೊಟ್ಟ, ಬೈದ, ತಾನು ಮುಂದೆ ಹೋಗಿ ತೋರಿಸಿದ. ಅವಳು ಮೇಲೆ ನಿಂತು ವಾಂತಿ ಮಾಡಿದಳು. ಒಂದು ದಿನ ದಾರಿಬದಿಯ ಕಲ್ಲು ತೆಗೆದುಕೊಂಡು ಸೈಕಲ್ಲನ್ನೇ ಜಜ್ಜಿದಳು. ಗಾಲಿಯ ಕಡ್ಡಿಗಳು ಮುರಿದವು, ಅವಳ ಬೆರಳೂ ಒಡೆಯಿತು.

“ಕಾಲಿಗೆ ರಾಡ್ ಹಾಕಿದ್ರು ಅಕ್ಕೋರ, ಅಂಜಿಕಿಗೆ ಏನ ಹಾಕೂದು?” ಎಂದು ಅನೀಲಕುಮಾರ ನನ್ನನ್ನು ಕೇಳಿದ. ಒಳ್ಳೆಯ ಮನುಷ್ಯ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವವನು. ಬರುವ ಫೆಬ್ರುವರಿಯಲ್ಲಿ ಜಿಲ್ಲಾ ತಂಡದ ಆಯ್ಕೆ ಓಟ ಬಸವನಬಾಗೇವಾಡಿಯಿಂದ ಮುದ್ದೇಬಿಹಾಳದವರೆಗೆ ಇತ್ತು. ಆ ದಾರಿಯಲ್ಲಿ ಉದ್ದನೆಯ ಇಳಿಜಾರೊಂದಿದೆ. ಅಲ್ಲಿ ಬ್ರೇಕು ಹಿಡಿದವಳಿಗೆ ತಂಡದಲ್ಲಿ ಜಾಗವಿಲ್ಲ.

ಸೈಕಲ್ಲು ಜಜ್ಜಿದ ಮಾರನೇ ದಿನ ರಾಚಪ್ಪ ಮಗಳ ಎದುರು ನಿಂತ. ಎತ್ತು ಒಂದು ಜಾಗದಲ್ಲಿ ಬೆದರಿತೆಂದರೆ ಅವನು ಅದನ್ನು ಹೊಡೆದು ದಾಟಿಸುವವನಲ್ಲ. ಅದೇ ಜಾಗಕ್ಕೆ ಒಯ್ದು, ನೊಗ ಬಿಚ್ಚಿ, ಅಲ್ಲೇ ಮೇವು ಹಾಕುತ್ತಿದ್ದ. ದಿನಾ ಅಲ್ಲೇ ಮೇಯಿಸುತ್ತಿದ್ದ. ಎತ್ತಿಗೆ ಆ ಜಾಗ ಮೇವಿನ ಜಾಗವಾಗುವವರೆಗೆ ಬಿಡುತ್ತಿರಲಿಲ್ಲ.

“ನಡಿ, ಹಳ್ಳದ ಕಡೆ ಹೋಗೂಣು. ಅಲ್ಲೇ ಉಣ್ಣೂಣು.”

“ನಾ ಎತ್ತಲ್ಲ.”

“ಎತ್ತ ಆಗಿದ್ರ ಇಷ್ಟ ತ್ರಾಸ ಇರ್ತಿರಲಿಲ್ಲ, ನಡಿ.”

ಅವನು ರಟ್ಟೆ ಹಿಡಿದು ಎಳೆದ. ಅವಳು ಅವನ ಕೈ ಕಚ್ಚಿದಳು, ಹಲ್ಲು ಊರಿ ರಕ್ತ ಬರುವಂತೆ ಕಚ್ಚಿದಳು. ಅವನು ಬಿಡಲಿಲ್ಲ. ಕಸ್ತೂರೆವ್ವ ಎದೆ ಬಡಿದುಕೊಂಡು ಹಿಂದೆ ಓಡಿದಳು. ಇಡೀ ಓಣಿ ನೋಡುತ್ತಿರಲು ಅಪ್ಪ ಮಗಳನ್ನು ಅವಳು ಬಡಿದು ಬಿದ್ದಿದ್ದ ಆ ಕಲ್ಲಿನ ಹತ್ತಿರದವರೆಗೂ ಎಳೆದೊಯ್ದು ಕೂಡಿಸಿ, ಬುತ್ತಿ ಬಿಚ್ಚಿದ. ರೊಟ್ಟಿ, ಚಟ್ನಿಗೆಂದು ಕುಟ್ಟಿದ ಶೇಂಗಾ ಹಿಂಡಿ, ಮೊಸರು. ಅವಳು ಮುಟ್ಟಲಿಲ್ಲ. ಅವನೊಬ್ಬನೇ ಉಂಡ, ಕಚ್ಚಿದ ಕೈಯಿಂದಲೇ. ಲಾರಿಯವರು ಹಾರ್ನ್ ಹೊಡೆದು ನಕ್ಕು ಹೋದರು.

ಮರುದಿನವೂ ಕರೆದೊಯ್ದ. ಅದರ ಮರುದಿನವೂ. ರಾಚಪ್ಪನಿಗೆ ಮನೆಯಲ್ಲಿ ಊಟ ಹಾಕುವುದಿಲ್ಲವೇನು ಎಂದು ಊರವರು ಆಡಿಕೊಂಡರು. ಯಾವತ್ತೋ ಒಂದು ದಿನ ಅವಳು ರೊಟ್ಟಿ ಮುರಿದಳು, ಅಳುತ್ತ ಉಂಡಳು. ಆಮೇಲೆ ಬೈಯುತ್ತ ಉಂಡಳು. ಕೊನೆಗೆ ಹಿಂಡಿಗೆ ಉಪ್ಪು ಕಡಿಮೆ ಎಂದು ಜಗಳ ತೆಗೆಯುವಷ್ಟು ಸಲೀಸಾಗಿ ಉಂಡಳು. ಊಟವಾದ ಮೇಲೆ, ಅನೀಲಕುಮಾರ ಹೊಸ ಕಡ್ಡಿ ಹಾಕಿಸಿಕೊಟ್ಟ ಸೈಕಲ್ಲು ತಳ್ಳಿಕೊಂಡು ಇಳಿದಳು, ಮುಂದೆ ಬ್ರೇಕು ಹಿಡಿದು ಇಳಿದಳು, ಒಮ್ಮೊಮ್ಮೆ ಅರ್ಧಕ್ಕೆ ಬಿಟ್ಟಳು. ಅಂಜಿಕೆ ಹೋಯಿತು ಎಂದು ನಾನು ಸುಳ್ಳು ಹೇಳುವುದಿಲ್ಲ. ಓಟದ ಹಿಂದಿನ ದಿನವೂ ಅವಳ ಬೆರಳು ಬ್ರೇಕನ್ನು ಹುಡುಕುತ್ತಿದ್ದದ್ದನ್ನು ನಾನೇ ನೋಡಿದ್ದೇನೆ.

ಓಟದ ಬೆಳಿಗ್ಗೆ ನಾನು ಅನೀಲಕುಮಾರನ ಜೀಪಿನಲ್ಲಿ ಹುಡುಗಿಯರ ಹಿಂದಿದ್ದೆ. ರಾಚಪ್ಪ ಬುತ್ತಿ ಕಟ್ಟಿಕೊಂಡು ಮೊದಲೇ ಆ ಇಳಿಜಾರಿಗೆ ಹೋಗಿ ನಿಂತಿದ್ದ. ಅಲ್ಲಿ ನಡೆದದ್ದನ್ನು ಆಮೇಲೆ ಅಲ್ಲಿಯವರೇ ಹೇಳಿದರು. ಬೆಳಗಾಗುತ್ತಲೇ ಅಣ್ಣತಮ್ಮಂದಿರಿಬ್ಬರು ಇಳಿಜಾರಿನ ಕೆಳಗೆ ಕಡಲೆ ಹಾಸಿದ್ದರು. ತೆಗೆಯಿರಿ, ಹುಡುಗಿಯರು ಬರುತ್ತಾರೆ ಎಂದು ರಾಚಪ್ಪ ಕೈಮುಗಿದ.

“ಯಾವೂರಪ್ಪಾ ನಿಂದು? ನಿಮ್ಮೂರಾಗ ನೀ ರೋಡಿನ ಮ್ಯಾಲ ಹಾಸೂದಿಲ್ಲೇನ?”

“ಹಾಸಿದ್ನಿ. ನನ್ನ ಮಗಳ ತೊಡಿ ಮುರಕೊಂಡಾಳ” ಎಂದವನೇ ಅವನು ಬಗ್ಗಿ ಎರಡೂ ತೋಳಿನಿಂದ ಕಡಲೆಯನ್ನು ಬಾಚಿ ಪಕ್ಕಕ್ಕೆ ಎಸೆಯತೊಡಗಿದ. ಮೊದಲು ದೂಡಿದರು. ಆಮೇಲೆ ಬಡಿಗೆ ಬಂತು. ಬೆನ್ನಿಗೆ ಬಿತ್ತು, ಪಕ್ಕೆಗೆ ಬಿತ್ತು. ಅವನು ತಿರುಗಿ ಹೊಡೆಯಲಿಲ್ಲ, ಬಾಚುವುದನ್ನು ನಿಲ್ಲಿಸಲೂ ಇಲ್ಲ. ಮೊಣಕಾಲೂರಿ ರಸ್ತೆಯ ನಡುವೆ ಒಂದು ಕಾಲುದಾರಿಯಷ್ಟು ಡಾಂಬರು ಬಿಡಿಸಿದ. ಬಾಯಿಗೆ ಬಿದ್ದ ಪೆಟ್ಟಿಗೆ ಮುಂದಿನ ಹಲ್ಲುಗಳು ಉದುರಿದವು.

ಅಷ್ಟರಲ್ಲಿ ಹುಡುಗಿಯರು ತಿರುವು ದಾಟಿದರು. ಮುಂದಿನ ಗುಂಪಿನಲ್ಲಿ ಮೂವರು, ನಡುವೆ ಭಾಗ್ಯಜ್ಯೋತಿ. ಹಿಂದಿನಿಂದ ನಮಗೂ ಕಂಡಿತು. ಕಡಲೆಯ ನಡುವೆ ಮೊಣಕಾಲೂರಿದ ರಾಚಪ್ಪ, ಅವನ ಮೇಲೆ ಎತ್ತಿದ ಬಡಿಗೆ. ಮುಂದಿದ್ದ ಹುಡುಗಿ ಗಾಬರಿಯಾಗಿ ಬ್ರೇಕು ಹಿಡಿದಳು. ಸೈಕಲ್ಲು ಕಡಲೆಯ ಮೇಲೆ ಜಾರಿ ಅವಳು ಕಲ್ಲಿಗೆ ಭುಜ ಕೊಟ್ಟು ಬಿದ್ದಳು. ಭಾಗ್ಯಜ್ಯೋತಿ ತಲೆ ತಗ್ಗಿಸಿದಳು. ಅಪ್ಪ ಬಿಡಿಸಿದ ಆ ಸಣ್ಣ ದಾರಿಗೆ ಗಾಲಿ ಇಟ್ಟು, ಅವನ ಭುಜ ಸವರುವಷ್ಟು ಹತ್ತಿರದಿಂದ ಹಾದು ಹೋದಳು. ತಿರುಗಿ ನೋಡಲಿಲ್ಲ.

ನಾನು ಜೀಪಿನಿಂದ ಹಾರಿ ಇಳಿದು ಬಡಿಗೆ ಕಸಿದುಕೊಂಡೆ. ಯಾವ ಭಾಷೆಯಲ್ಲಿ ಬೈದೆನೋ, ಕನ್ನಡವೋ ನನ್ನ ತವರಿನ ಮರಾಠಿಯೋ, ನನಗೆ ಗೊತ್ತಿಲ್ಲ. ಬಿದ್ದ ಹುಡುಗಿಯನ್ನು ನೋಡಿದ ಮೇಲೆ ಅಣ್ಣತಮ್ಮಂದಿರ ಮುಖ ಬಿಳಿಚಿಕೊಂಡಿತ್ತು, ಒಬ್ಬ ನೀರು ತರಲು ಓಡಿದ. ಅನೀಲಕುಮಾರ ಅವಳನ್ನು ಜೀಪಿಗೆ ಹಾಕಿಕೊಂಡು ಮುದ್ದೇಬಿಹಾಳದ ಆಸ್ಪತ್ರೆಗೆ ಹೊರಟ. ರಾಚಪ್ಪ ಮಾತ್ರ ಬರಲೊಪ್ಪಲಿಲ್ಲ. ಮಗಳು ಇಲ್ಲಿಗೇ ಬರುತ್ತಾಳೆ ಎಂದು ಕೂತುಬಿಟ್ಟ. ನಾನೂ ಅವನ ಜೊತೆ ಉಳಿದೆ.

ಬಂದಳು. ತನ್ನ ಹಿಂದೆಯೇ ಆ ಸಣ್ಣ ದಾರಿ ದಾಟಿದ ಹುಡುಗಿಗೆ ಸೋತು ಎರಡನೆಯವಳಾಗಿ ಮುಟ್ಟಿ, ತಂಡಕ್ಕೆ ಆಯ್ಕೆಯಾಗಿ, ಅದೇ ಸೈಕಲ್ಲು ತುಳಿದುಕೊಂಡು ತಿರುಗಿ ಬಂದಳು. ಅಪ್ಪನ ಎದುರು ಕುಕ್ಕರಗಾಲಲ್ಲಿ ಕೂತಳು. ಅವನ ಬಾಯಿ ಬಾತುಕೊಂಡಿತ್ತು.

“ಬ್ರೇಕ್ ಹಿಡದ್ಯಾ?”

“ಇಲ್ಲ ಯಪ್ಪಾ.”

“ನನ್ನ ನೋಡಿದ್ಯಾ?”

“ನೋಡಿದ್ನಿ. ಹೊಡ್ಯೂದೂ ನೋಡಿದ್ನಿ.”

“ನೋಡಿನೂ ಹಿಡೀಲಿಲ್ಲ?”

ಅವಳು ತಲೆಯಲ್ಲಾಡಿಸಿದಳು. ರಾಚಪ್ಪ ರಕ್ತದ ಬಾಯಿ ತೆರೆದು ನಕ್ಕ, ಅವಳೂ ನಕ್ಕಳು. ಆಮೇಲೆ ಅವನು ಏಳಲು ಹೋದ. ಅಣ್ಣತಮ್ಮಂದಿರಲ್ಲಿ ದೊಡ್ಡವನು ನೀರಿನ ಕೊಡ ಹಿಡಿದು ಹತ್ತಿರ ಬಂದದ್ದೇ ತಡ, ಅಷ್ಟು ಗಟ್ಟಿ ಆಳು ರಾಚಪ್ಪ ಎರಡೂ ಕೈ ತಲೆಗೆ ಅಡ್ಡ ಇಟ್ಟು ಮುದುಡಿಕೊಂಡ. ಅವನು ಬೆದರಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಭಾಗ್ಯಜ್ಯೋತಿಯೂ ನೋಡಿದಳು. ಅವಳ ಮುಖದ ನಗು ಹೋಯಿತು.

ಅವಳು ಕೊಡ ಇಸಿದುಕೊಂಡಳು. ಕಡಲೆಯ ಮೇಲೆ ಬಿದ್ದಿದ್ದ ಬುತ್ತಿಯನ್ನು ಎತ್ತಿ ಬಿಚ್ಚಿದಳು. ಹಲ್ಲಿಲ್ಲದ ಬಾಯಿಗೆಂದು ರೊಟ್ಟಿಯನ್ನು ಸಣ್ಣಗೆ ಮುರಿದು ನೀರಿನಲ್ಲಿ ನೆನೆಸಿದಳು. ತುತ್ತು ಮಾಡಿ ಅವನ ಬಾಯಿಯ ಹತ್ತಿರ ಹಿಡಿದಳು.

“ಮನಿಗೆ ಹೋಗಿ ಉಣ್ತೇನಿ” ಎಂದ ರಾಚಪ್ಪ, ಕೊಡ ತಂದವನ ಕಡೆಯೇ ನೋಡುತ್ತ.

“ಇಲ್ಲೇ ಉಣ್ಣು ಯಪ್ಪಾ” ಎಂದಳು ಅವಳು.